ಹೆಡ್ಜ್ ಟ್ರಿಮ್ಮರ್ ಕಡ್ಡಿ ಕತ್ತರಿಸದೆ ಜಗಿಯುತ್ತಿದೆಯೇ? ಸಾಣೆಗೆ ಮುಂಚೆ ನೋಡಬೇಕಾದ್ದು

ಓದುಗರ ಪ್ರಶ್ನೆ: "ನಮ್ಮ ಮನೆ ಸುತ್ತ ಎದೆಯೆತ್ತರದ ಹಸಿರು ಬೇಲಿ ಇದೆ. ಅದಕ್ಕೆಂದೇ ಎರಡು ವರ್ಷದ ಹಿಂದೆ ಬ್ಯಾಟರಿಯ ಹೆಡ್ಜ್ ಟ್ರಿಮ್ಮರ್ ಕೊಂಡೆ. ಮೊದಲ ವರ್ಷ ಯಾವ ತಕರಾರೂ ಇರಲಿಲ್ಲ. ಈಗ ಕೆಲವು ತಿಂಗಳಿಂದ ಎಳೆ ಕಡ್ಡಿಗಳೇ ಹಲ್ಲಿನ ಮಧ್ಯೆ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೇ ಅಲಗು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕತ್ತರಿಸಿದ ಎರಡು ದಿನಕ್ಕೆ ಬೇಲಿಯ ಮೇಲ್ಭಾಗವೆಲ್ಲ ಕಂದು ಬಣ್ಣ. ಒಮ್ಮೆ ಬೇಲಿಯೊಳಗೆ ಮರೆಯಾಗಿದ್ದ ಕಬ್ಬಿಣದ ತಂತಿಗೆ ಅಲಗು ತಗುಲಿತ್ತು. ಪರಿಚಯದ ಒಬ್ಬರು ಗ್ರೈಂಡರಿಗೆ ಹಿಡಿಸಿ ಅಂತಾರೆ, ಇನ್ನೊಬ್ಬರು ಬೋಲ್ಟೆಲ್ಲ ಚೆನ್ನಾಗಿ ಬಿಗಿ ಮಾಡಿ ಅಂತಾರೆ. ಸದ್ಯಕ್ಕೆ ನಾನು ಅಡುಗೆ ಎಣ್ಣೆ ಹಚ್ಚಿ ನಡೆಸುತ್ತಿದ್ದೇನೆ. ಸಾಣೆ ಹಿಡಿಸಬೇಕಾ, ಅಲಗು ಬದಲಿಸಬೇಕಾ, ಇಲ್ಲಾ ಯಂತ್ರವೇ ಹೋಯ್ತಾ?"

ಉತ್ತರ: ನೀವು ಹೇಳಿರುವುದರಲ್ಲಿ ಯಂತ್ರ ಹೋಗಿದೆ ಅನ್ನಿಸುವ ಲಕ್ಷಣ ಒಂದೂ ಇಲ್ಲ. ಮೋಟರ್ ತಿರುಗುತ್ತಿದೆ, ಅಲಗು ಆಡುತ್ತಿದೆ. ಹಾಗಾಗಿ ಹೊಸದು ಕೊಳ್ಳುವ ಯೋಚನೆ ಸದ್ಯಕ್ಕೆ ಬೇಡ. ಸಾಣೆಯ ಯೋಚನೆಯನ್ನೂ ಸ್ವಲ್ಪ ಪಕ್ಕಕ್ಕಿಡಿ. "ಮೊಂಡಾಗಿದೆ" ಎಂದು ನನ್ನ ಬಳಿಗೆ ಬರುವ ಟ್ರಿಮ್ಮರ್‌ಗಳಲ್ಲಿ ಹೆಚ್ಚಿನವು ನಿಜಕ್ಕೂ ಮೊಂಡಾಗಿರುವುದಿಲ್ಲ. ಅಂಟು ಮೆತ್ತಿರುತ್ತದೆ, ಇಲ್ಲವೇ ಎರಡು ಅಲಗುಗಳ ನಡುವಿನ ಸಂದು ಹೆಚ್ಚುಕಮ್ಮಿ ಆಗಿರುತ್ತದೆ. ಮೊದಲು ತೊಳೆದು ನೋಡಬೇಕು, ಆಮೇಲೆ ಸಂದು ಸರಿಮಾಡಬೇಕು, ಅದಾದ ಮೇಲೂ ಸರಿಹೋಗದಿದ್ದರೆ ಸಾಣೆ.

ಟ್ರಿಮ್ಮರ್ ಹೇಗೆ ಕತ್ತರಿಸುತ್ತದೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ಇದೆಲ್ಲ ಸುಲಭ. ಇಲ್ಲಿ ಎರಡು ಅಲಗುಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಲವು ಯಂತ್ರಗಳಲ್ಲಿ ಒಂದು ಮಾತ್ರ ಆಡುತ್ತದೆ, ಕೆಲವದರಲ್ಲಿ ಎರಡೂ ಎದುರು ಬದುರು ಆಡುತ್ತವೆ. ಕಡ್ಡಿಯನ್ನು ಕತ್ತರಿಸುವುದು ಹಲ್ಲಿನ ಹರಿತ ಒಂದೇ ಅಲ್ಲ; ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಒತ್ತಿಕೊಂಡಂತೆ ದಾಟಬೇಕು. ಕತ್ತರಿಯ ನಡುವಿನ ತಿರುಪು ಸಡಿಲವಾದರೆ ಎಷ್ಟೇ ಹರಿತವಿದ್ದರೂ ಬಟ್ಟೆ ಮಡಚಿಕೊಂಡು ಬಾಯೊಳಗೆ ಹೋಗುತ್ತದಲ್ಲ, ನಿಮ್ಮ ಕಡ್ಡಿಗಳಿಗೂ ಅದೇ ಆಗುತ್ತಿದೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದಿದ್ದು ಎರಡು ತೊಂದರೆಗಳು ಒಟ್ಟಿಗೆ ಇರುವುದು. ಸಂದು ಜಾಸ್ತಿಯಾದರೆ ಕಡ್ಡಿ ಮಡಚಿಕೊಳ್ಳುತ್ತದೆ, ಆದರೆ ಅಲಗು ಅಷ್ಟೇನೂ ಬಿಸಿಯಾಗುವುದಿಲ್ಲ. ಸಂದು ಕಮ್ಮಿಯಾದರೆ ಅಲಗು ಬಿಸಿಯಾಗುತ್ತದೆ, ಬ್ಯಾಟರಿ ಕುಡಿಯುತ್ತದೆ, ಆದರೆ ಕಡ್ಡಿ ಸಾಮಾನ್ಯವಾಗಿ ಮಡಚಿಕೊಳ್ಳುವುದಿಲ್ಲ. ಎರಡೂ ಒಟ್ಟಿಗೆ ಆಗುತ್ತಿದೆ ಅಂದರೆ ಅಲಗುಗಳ ನಡುವೆ ಏನೋ ಸೇರಿಕೊಂಡು ಒಂದು ಕಡೆ ಉಜ್ಜುತ್ತಿದೆ, ಇನ್ನೊಂದು ಕಡೆ ಅಗಲಿಸುತ್ತಿದೆ. ಒಣಗಿ ಗಟ್ಟಿಯಾದ ಗಿಡದ ಹಾಲು ಆ ಕೆಲಸ ಮಾಡುತ್ತದೆ. ತಂತಿಗೆ ಬಡಿದು ಬಾಗಿದ ಹಲ್ಲೂ ಮಾಡುತ್ತದೆ. ನಿಮ್ಮಲ್ಲಿ ಎರಡಕ್ಕೂ ಅವಕಾಶವಿದೆ.

ಅಡುಗೆ ಎಣ್ಣೆಯ ವಿಷಯವನ್ನು ಇಲ್ಲೇ ಮುಗಿಸಿಬಿಡೋಣ. ಹಚ್ಚಿದ ದಿನ ಅದು ಚೆನ್ನಾಗಿಯೇ ಜಾರುತ್ತದೆ, ಅದಕ್ಕೇ ಜನ ನಂಬುತ್ತಾರೆ. ಆದರೆ ತೆಳುವಾಗಿ ಹರಡಿದ ಅಡುಗೆ ಎಣ್ಣೆ ಗಾಳಿ ಮತ್ತು ಬಿಸಿಗೆ ಸಿಕ್ಕಿ ನಿಧಾನವಾಗಿ ಅಂಟಾಗುತ್ತದೆ. ಹಳೆಯ ಬಾಣಲೆಯ ಹೊರಮೈ ಮೇಲೆ ಕಂದು ಪದರ ಕಟ್ಟುವುದು ಇದೇ ಕಾರಣಕ್ಕೆ. ಅದರ ಮೇಲೆ ಎಲೆಪುಡಿ ಕೂತರೆ ಮುಗಿಯಿತು. ಹಾಗಾಗಿ ಮೆಷಿನ್ ಎಣ್ಣೆಯೇ ಬೇಕು: ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆ ಆಗುತ್ತದೆ, ಟ್ರಿಮ್ಮರ್ ಅಲಗಿಗೆಂದೇ ಬರುವ ಸ್ಪ್ರೇ ಸಿಕ್ಕರೆ ಇನ್ನೂ ಒಳ್ಳೆಯದು. ತುಕ್ಕು ಬಿಡಿಸಲು ಎಲ್ಲರ ಮನೆಯಲ್ಲೂ ಇರುವ ಸ್ಪ್ರೇ ಡಬ್ಬಿ ಅಂಟು ಕರಗಿಸಲು ಉಪಯೋಗಕ್ಕೆ ಬರುತ್ತದೆ. ಆದರೆ ಅದರಲ್ಲಿ ಬಹುಪಾಲು ಆರಿಹೋಗುವ ದ್ರವ. ಅದನ್ನೇ ಎಣ್ಣೆ ಅಂದುಕೊಂಡರೆ ಸ್ವಲ್ಪ ಹೊತ್ತಿಗೆ ಅಲಗು ಒಣಗಿರುತ್ತದೆ.

ಈಗ ಕೈ ಹಾಕೋಣ. ಮೊದಲು ಬ್ಯಾಟರಿ ತೆಗೆದು ದೂರ ಇಡಿ. ಸ್ವಿಚ್ ಆಫ್ ಇದೆ ಅನ್ನುವುದು ಸಾಲದು, ಕೈಯಲ್ಲಿ ಯಂತ್ರ ತಿರುಗಿಸುವಾಗ ಸ್ವಿಚ್ ಒತ್ತಿಹೋಗುವುದು ಎಷ್ಟು ಸುಲಭ ಅಂತ ಮಾಡಿ ನೋಡಿದವರಿಗೇ ಗೊತ್ತು. ವೈರ್ ಇರುವ ಯಂತ್ರವಾದರೆ ಪ್ಲಗ್ ಕೀಳಿ, ಪೆಟ್ರೋಲಿನದಾದರೆ ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿ ಎಳೆದಿಡಿ. ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಿ. ಬ್ಯಾಟರಿ ಇಲ್ಲದಿದ್ದರೂ ಅಲಗು ಒಂದಿಷ್ಟು ಜಾರಿ ಬೆರಳು ಹಿಡಿಯಬಹುದು.

ಅಲಗಿನ ತುದಿ ಕೆಳಗೆ, ಹಿಡಿ ಮೇಲೆ ಇರುವಂತೆ ಯಂತ್ರವನ್ನು ಓರೆಯಾಗಿ ನಿಲ್ಲಿಸಿ. ತೊಳೆಯುವ ದ್ರವ ಮೋಟರ್ ಕಡೆಗೆ ಇಳಿಯಬಾರದು, ಅದಕ್ಕೆ. ಒಣ ಬ್ರಷ್ಷಿನಿಂದ ಎಲೆಪುಡಿ ಉದುರಿಸಿ. ಆಮೇಲೆ ಅಂಟು ಕರಗಿಸುವ ಸ್ಪ್ರೇಯನ್ನೋ ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷನ್ನೋ ಹಲ್ಲಿನ ಉದ್ದಕ್ಕೂ ಆಡಿಸಿ ಹತ್ತು ನಿಮಿಷ ಬಿಡಿ. ಸೀಮೆಎಣ್ಣೆ ಬಳಸುವುದಾದರೆ ಬಯಲಲ್ಲಿ, ಅಲಗು ತಣ್ಣಗಿರುವಾಗ ಮಾತ್ರ. ಥಿನ್ನರ್ ಬೇಡ, ಪ್ಲಾಸ್ಟಿಕ್ ಮೈ ಬಿರುಕು ಬಿಡುತ್ತದೆ. ನೀರಿನ ಪೈಪು ಹಿಡಿಯುವುದಂತೂ ಬೇಡವೇ ಬೇಡ. ಬ್ಯಾಟರಿ ಅಥವಾ ವೈರ್ ಇರುವ ಯಂತ್ರಕ್ಕೆ ಅದು ನೇರ ಅಪಾಯ, ಬೇರೆ ಯಂತ್ರಗಳಲ್ಲೂ ಗೇರ್‌ಬಾಕ್ಸಿನ ಗ್ರೀಸಿಗೆ ನೀರು ಸೇರುತ್ತದೆ.

ಅಂಟು ಮೆತ್ತಗಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಗಟ್ಟಿ ಪದರಕ್ಕೆ ಮರದ ಕಡ್ಡಿ ಅಥವಾ ಪ್ಲಾಸ್ಟಿಕ್ ಚೂರು ಸಾಕು, ಸ್ಕ್ರೂಡ್ರೈವರ್ ಬಳಸಿ ಕೆರೆಯಬೇಡಿ. ಮುಖ್ಯವಾಗಿ ನೋಡಬೇಕಾದ ಜಾಗ ಹಲ್ಲುಗಳ ಬುಡ ಮತ್ತು ಬೋಲ್ಟಿನ ಸುತ್ತ. ಅಲ್ಲಿ ಹಸಿರುಗಪ್ಪು ಬಣ್ಣದ, ಮೇಣದಂಥ ಪದರ ಕೂತಿರುತ್ತದೆ. ಮೇಲಿಂದ ನೋಡಿದರೆ ಅದು ಲೋಹದ್ದೇ ಬಣ್ಣ ಅನ್ನಿಸುತ್ತದೆ, ಉಗುರಲ್ಲಿ ಕೆರೆದರೆ ಚಕ್ಕೆಯಾಗಿ ಏಳುತ್ತದೆ.

ಒರೆಸಿ ಒಣಗಿಸಿದ ಮೇಲೆಯೇ ಪರೀಕ್ಷೆ. ಕೊಳೆ ಇರುವಾಗ ಏನೂ ಕಾಣುವುದಿಲ್ಲ. ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತುದಿಯಿಂದ ಬುಡದ ಕಡೆಗೆ ಉದ್ದಕ್ಕೆ ನೋಡಿ. ಒಂದು ಹಲ್ಲು ಸಾಲು ಬಿಟ್ಟು ಎದ್ದಿದ್ದರೆ ಈ ಕೋನದಲ್ಲಿ ತಕ್ಷಣ ಗೊತ್ತಾಗುತ್ತದೆ. ಹೊರಗೆ ಬಾಗಿದ ಹಲ್ಲು ಕಡ್ಡಿಯನ್ನು ಮಡಚುತ್ತದೆ. ಒಳಗೆ ಬಾಗಿದ್ದು ಎದುರಿನ ಅಲಗನ್ನು ಉಜ್ಜುತ್ತದೆ, ಉಜ್ಜಿದ ಜಾಗದಲ್ಲಿ ಹೊಳೆಯುವ ಗೆರೆ ಬಿದ್ದಿರುತ್ತದೆ. ಎಲ್ಲಾದರೂ ನೀಲಿ ಅಥವಾ ಕಂದು ನೀಲಿ ಬಣ್ಣ ತಿರುಗಿದೆಯಾ ನೋಡಿ. ಅಂಥ ಕಡೆ ಉಕ್ಕು ವಿಪರೀತ ಬಿಸಿಯಾಗಿದೆ, ಅದರ ಹದ, ಅಂದರೆ ಕಾಯಿಸಿ ಕೊಟ್ಟ ಗಟ್ಟಿತನ, ಕೆಟ್ಟಿರುವ ಸಾಧ್ಯತೆ ಜಾಸ್ತಿ.

ತಂತಿಗೆ ತಗುಲಿದ್ದು ಎಲ್ಲಿ ಅಂತ ಹುಡುಕಿ. ಅಂಚಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಕಚ್ಚು ಒಂದೆರಡು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಉಳಿದ ಅಂಚು ಕೆಲಸ ಮಾಡುತ್ತದೆ. ಅದನ್ನು ಪೂರ್ತಿ ಅಳಿಸುವ ಹಟಕ್ಕೆ ಬಿದ್ದು ಇಡೀ ಹಲ್ಲು ಸವೆಸುವವರನ್ನು ನೋಡಿದ್ದೇನೆ. ಅದು ನಷ್ಟದ ವ್ಯಾಪಾರ. ಕಾಳಜಿ ಮಾಡಬೇಕಾದ್ದು ಬಿರುಕಿನ ಬಗ್ಗೆ. ಬಿರುಕು ಸಾಮಾನ್ಯವಾಗಿ ಹಲ್ಲಿನ ಬುಡದಲ್ಲಿ, ಎರಡು ಹಲ್ಲು ಸೇರುವ ಗುಂಡಗಿನ ಮೂಲೆಯಲ್ಲಿ ಶುರುವಾಗುತ್ತದೆ ಮತ್ತು ಬರಿಗಣ್ಣಿಗೆ ಕಾಣದಷ್ಟು ಸಣ್ಣದಿರುತ್ತದೆ. ಹಳೆಯ ಕಾಲದ ಒಂದು ಉಪಾಯವಿದೆ. ಅನುಮಾನದ ಜಾಗಕ್ಕೆ ತೆಳು ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಪೂರ್ತಿ ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಆ ಅಲಗಿನ ಕೆಲಸ ಮುಗಿಯಿತು. ಬೆಸುಗೆ ಹಾಕಿಸಿ ನಡೆಸೋಣ ಅಂತ ಯೋಚಿಸಲೇಬೇಡಿ. ನಿಮಿಷಕ್ಕೆ ಸಾವಿರಾರು ಸಲ ಆಡುವ ಹಲ್ಲು ಮುರಿದು ಹಾರಿದರೆ ಅದು ಯಾರ ಕಡೆಗೆ ಹೋಗುತ್ತದೆ ಅಂತ ಹೇಳಲಾಗದು.

ಸ್ವಲ್ಪ ಬಾಗಿದ ಹಲ್ಲನ್ನು ನೇರ ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಮೆತ್ತನೆ ಉಕ್ಕಿನ ಅಗ್ಗದ ಅಲಗುಗಳಲ್ಲಿ, ಅಲಗು ಬಿಚ್ಚಿ ಚಪ್ಪಟೆ ಕಬ್ಬಿಣದ ಮೇಲಿಟ್ಟು ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಗಟ್ಟಿ ಹದ ಕೊಟ್ಟ ಅಲಗಾದರೆ ಟಪ್ ಅಂತ ಮುರಿಯುತ್ತದೆ, ಅಥವಾ ಇನ್ನೂ ಕೆಟ್ಟದಾಗಿ, ಒಳಗೇ ಬಿರುಕು ಬಿಟ್ಟು ನೋಡಲು ನೇರವಾಗಿ ಕೂರುತ್ತದೆ. ನೇರ ಮಾಡಿದ ಮೇಲೆ ಮತ್ತೆ ಸೀಮೆಸುಣ್ಣದ ಪರೀಕ್ಷೆ ಮಾಡದೆ ಓಡಿಸಬೇಡಿ.

ಇನ್ನು ಸಂದು. ನಿಮ್ಮ ಪರಿಚಯದವರು ಹೇಳಿದ "ಚೆನ್ನಾಗಿ ಬಿಗಿ ಮಾಡಿ" ಅನ್ನುವ ಮಾತು ಅರ್ಧ ಸರಿ. ಅಲಗಿನ ಉದ್ದಕ್ಕೂ ಇರುವ ಬೋಲ್ಟುಗಳು ಬರೀ ಹಿಡಿದಿಡುವ ಬೋಲ್ಟುಗಳಲ್ಲ. ಅನೇಕ ಯಂತ್ರಗಳಲ್ಲಿ ಅಲಗುಗಳ ನಡುವಿನ ಸಂದು ನಿರ್ಧಾರವಾಗುವುದು ಅವುಗಳಿಂದಲೇ. ಪೂರ್ತಿ ಬಿಗಿದರೆ ಅಲಗುಗಳು ಒಂದನ್ನೊಂದು ಹಿಂಡುತ್ತವೆ, ಬಿಸಿಯಾಗಿ ಸವೆಯುತ್ತವೆ, ಮೋಟರಿಗೆ ಹೊರೆ ಬೀಳುತ್ತದೆ. ಹೊಂದಿಸುವ ಕ್ರಮ ಹೀಗೆ: ಹಿಂಬದಿಯ ನಟ್ಟು ಸಡಿಲಿಸಿ, ಬೋಲ್ಟನ್ನು ಕೈಬಲದಲ್ಲಿ ನಿಲ್ಲುವವರೆಗೆ ತಿರುಗಿಸಿ, ಅಲ್ಲಿಂದ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ ಬಿಡಿ. ಬೋಲ್ಟು ತಿರುಗದಂತೆ ಸ್ಕ್ರೂಡ್ರೈವರಿನಲ್ಲಿ ಹಿಡಿದುಕೊಂಡು ನಟ್ಟನ್ನು ಬಿಗಿ ಮಾಡಿ. ಬೋಲ್ಟಿನ ತಲೆಯ ಕೆಳಗಿನ ವಾಷರನ್ನು ಬೆರಳಿನಲ್ಲಿ ತಳ್ಳಿದರೆ ಕಷ್ಟಪಟ್ಟಾದರೂ ಅಲುಗಬೇಕು. ಅಲುಗಲೇ ಇಲ್ಲ ಅಂದರೆ ಬಿಗಿ ಜಾಸ್ತಿ, ಗಲಗಲ ಅಂದರೆ ಸಡಿಲ.

ಆದರೆ ಸ್ಪ್ಯಾನರ್ ಹಿಡಿಯುವ ಮುಂಚೆ ಯಂತ್ರದ ಜೊತೆ ಬಂದ ಪುಸ್ತಕ ತೆರೆದು ನೋಡಿ. ಕೆಲವು ಯಂತ್ರಗಳಲ್ಲಿ ಬೋಲ್ಟಿನ ಜೊತೆ ಅಳತೆಯ ಕಾಲರ್ (ಬೋಲ್ಟಿನ ಸುತ್ತ ಕೂರುವ ಬಳೆ) ಇರುತ್ತದೆ. ಸಂದನ್ನು ಕಾಯುವುದು ಆ ಕಾಲರ್, ಬೋಲ್ಟನ್ನು ಪೂರ್ತಿಯಾಗಿಯೇ ಬಿಗಿಯಬೇಕು. ಅಲ್ಲಿ ನನ್ನ ಅರ್ಧ ಸುತ್ತಿನ ಲೆಕ್ಕ ಹಾಕಿದರೆ ಬೋಲ್ಟು ಕೆಲಸದ ನಡುವೆ ಕಳಚಿ ಬೀಳುತ್ತದೆ. ಇನ್ನು ಕೆಲವು ಮನೆ ಬಳಕೆಯ ಯಂತ್ರಗಳಲ್ಲಿ ರಿವೆಟ್ ಹೊಡೆದಿರುತ್ತಾರೆ, ಹೊಂದಿಸಲು ಏನೂ ಇರುವುದಿಲ್ಲ. ಒಳಗೆ ನೈಲಾನ್ ಬಳೆ ಇರುವ ನಟ್ಟನ್ನು ಎರಡು ಮೂರು ಸಲ ಬಿಚ್ಚಿದರೆ ಅದರ ಹಿಡಿತ ಹೋಗುತ್ತದೆ. ಅದು ಕೈಯಲ್ಲೇ ಸಲೀಸಾಗಿ ತಿರುಗುತ್ತಿದೆ ಅನ್ನಿಸಿದರೆ ಹೊಸದು ಹಾಕಿ.

ಹೊಂದಿಸಿದ ಮೇಲೆ ಅಲಗಿನ ಉದ್ದಕ್ಕೂ ಎಣ್ಣೆ ಬಿಟ್ಟು, ಬ್ಯಾಟರಿ ಹಾಕಿ ಒಂದು ನಿಮಿಷ ಖಾಲಿ ಓಡಿಸಿ. ನಿಲ್ಲಿಸಿ, ಬ್ಯಾಟರಿ ತೆಗೆದು, ಕೈಯ ಹಿಂಬದಿಯನ್ನು ಬೋಲ್ಟುಗಳ ಹತ್ತಿರ ತಂದು ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಒಂದು ಬೋಲ್ಟಿನ ಹತ್ತಿರ ಮಾತ್ರ ಬಿಸಿ ಇದ್ದರೆ ಅದೊಂದನ್ನೇ ಕೂದಲಷ್ಟು ಸಡಿಲಿಸಿ. ನಂತರ ಬೇಲಿಯಲ್ಲಿ ಎಳೆ ಕಡ್ಡಿಯ ಜಾಗ ನೋಡಿ ಕತ್ತರಿಸಿ. ತುಂಬಾ ಸಲ ಇಲ್ಲಿಗೇ ಕೆಲಸ ಮುಗಿದಿರುತ್ತದೆ.

ಮುಗಿಯದಿದ್ದರೆ ಅಂಚನ್ನು ನೋಡೋಣ. ಬೆಳಕಿಗೆ ಎದುರಾಗಿ ಅಲಗನ್ನು ಹಿಡಿದು ಹಲ್ಲಿನ ಅಂಚನ್ನೇ ದಿಟ್ಟಿಸಿ. ಹರಿತವಾದ ಅಂಚಿಗೆ ಅಗಲವಿರುವುದಿಲ್ಲ, ಹಾಗಾಗಿ ಬೆಳಕು ಹೊಳೆಯುವುದಿಲ್ಲ. ಮೊಂಡಾದ ಅಂಚು ದುಂಡಗಾಗಿ ಒಂದು ಬಿಳಿ ಗೆರೆ ಹೊಳೆಯುತ್ತದೆ. ಕಡ್ಡಿಯೂ ಸಾಕ್ಷಿ ಹೇಳುತ್ತದೆ: ಕತ್ತರಿಸಿದ ತುದಿ ನಯವಾಗಿದ್ದರೆ ಸರಿ, ನಾರು ನಾರಾಗಿ ತೊಗಟೆ ಜೋತುಬಿದ್ದಿದ್ದರೆ ಅಲಗು ಕಡ್ಡಿಯನ್ನು ಕತ್ತರಿಸದೆ ಹರಿಯುತ್ತಿದೆ. ನಿಮ್ಮ ಬೇಲಿ ಕಂದಾಗುವುದಕ್ಕೆ ಹೀಗೆ ಹರಿದ ಎಲೆ, ಕಡ್ಡಿಗಳೇ ಬಹುಮಟ್ಟಿಗೆ ಕಾರಣ. ಸುಡುವ ಬಿಸಿಲಲ್ಲಿ ಕತ್ತರಿಸಿದರೂ ತುದಿ ಒಣಗುತ್ತದೆ, ಆದ್ದರಿಂದ ಪೂರ್ತಿ ತಪ್ಪನ್ನು ಅಲಗಿನ ಮೇಲೆ ಹೊರಿಸುವುದೂ ನ್ಯಾಯವಲ್ಲ.

ಸಾಣೆ ಹಿಡಿಯಲು ಸಣ್ಣ ಹಲ್ಲಿನ ಚಪ್ಪಟೆ ಅರ ಸಾಕು. ಬೆಂಚ್ ಗ್ರೈಂಡರ್ ಮತ್ತು ಆಂಗಲ್ ಗ್ರೈಂಡರ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ತೆಳು ಹಲ್ಲಿನ ಅಂಚು ಒಂದೆರಡು ಸೆಕೆಂಡಿನಲ್ಲೇ ನೀಲಿ ತಿರುಗುತ್ತದೆ. ಹದ ಹೋದ ಅಂಚು ಮೊದಲ ದಿನ ಚೆನ್ನಾಗಿ ಕತ್ತರಿಸಿ ಆಮೇಲೆ ಬೇಗ ಬೇಗ ಮೊಂಡಾಗುತ್ತದೆ. ಗ್ರೈಂಡರಿನಲ್ಲಿ ಎಲ್ಲ ಹಲ್ಲಿಗೂ ಒಂದೇ ಓರೆ (ಅಂಚಿನ ಇಳಿಜಾರು) ಕೊಡುವುದೂ ಕಷ್ಟ. ಇದೇ ಕಸುಬಿನವರು ನೀರು ಹಾಯಿಸುವ ಸಾಣೆ ಯಂತ್ರದಲ್ಲಿ ಮಾಡಿಕೊಟ್ಟರೆ ಆ ಮಾತು ಬೇರೆ.

ಎರಡು ಅಲಗಿನ ಹಲ್ಲುಗಳು ಒಂದರ ಮೇಲೊಂದು ಬರದೆ ಬಿಡಿಬಿಡಿಯಾಗಿ ನಿಂತಿರಬೇಕು. ಅದಕ್ಕೆ ಸ್ವಿಚ್ಚನ್ನು ಒಂದು ಕ್ಷಣ ಒತ್ತಿ ಬಿಟ್ಟು, ಎಲ್ಲಿ ನಿಲ್ಲುತ್ತದೆ ನೋಡಿ, ಬೇಕಾದ ಕಡೆ ನಿಂತಾಗ ಬ್ಯಾಟರಿ ತೆಗೆಯಿರಿ. ಬೆರಳಿನಿಂದ ತಳ್ಳಿ ಹೊಂದಿಸುವ ಸಾಹಸ ಬೇಡ. ಅಲಗನ್ನು ಮೇಜಿನ ಅಂಚಿಗೆ ಕ್ಲಾಂಪಿನಲ್ಲಿ ಬಿಗಿದುಕೊಳ್ಳಿ. ಓರೆ ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಇರುತ್ತದೆ, ನಿಮ್ಮ ಯಂತ್ರದ್ದು ಎಷ್ಟು ಅಂತ ಅಳೆಯುವ ಅಗತ್ಯವಿಲ್ಲ. ಓರೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಬಳಿದು ಅರವನ್ನು ಎರಡು ಸಲ ಎಳೆಯಿರಿ. ಬಣ್ಣ ಇಡೀ ಅಗಲಕ್ಕೂ ಹೋಗಿದ್ದರೆ ನಿಮ್ಮ ಕೋನ ಸರಿ. ತುದಿಯಲ್ಲಷ್ಟೇ ಹೋಗಿದ್ದರೆ ಅರ ಜಾಸ್ತಿ ಎದ್ದಿದೆ, ಹಿಂಭಾಗದಲ್ಲಷ್ಟೇ ಹೋಗಿದ್ದರೆ ಜಾಸ್ತಿ ಮಲಗಿದೆ.

ಅರವನ್ನು ಯಾವಾಗಲೂ ಅಂಚಿನ ಕಡೆಗೆ ತಳ್ಳಬೇಕು, ವಾಪಸ್ ತರುವಾಗ ಎತ್ತಬೇಕು. ಒಂದು ಹಲ್ಲಿಗೆ ನಾಲ್ಕು ಸಲ ಅಂದರೆ ಎಲ್ಲಕ್ಕೂ ನಾಲ್ಕೇ ಸಲ. ಹಲ್ಲಿನ ಬುಡದ ಗುಂಡಗಿನ ಮೂಲೆಯನ್ನು ಮುಟ್ಟಬೇಡಿ. ಅಲ್ಲಿ ಅರದಿಂದ ಚೂಪು ಗೀರು ಬಿದ್ದರೆ ಬಿರುಕಿಗೆ ದಾರಿ ಮಾಡಿಕೊಟ್ಟಂತೆ. ಓರೆ ಇರುವ ಬದಿಯನ್ನು ಮಾತ್ರ ಉಜ್ಜಿ. ಅಲಗುಗಳು ಒಂದಕ್ಕೊಂದು ತಾಗುವ ಚಪ್ಪಟೆ ಬದಿಗೆ ಅರ ಹಿಡಿದರೆ ನೀವೇ ಸಂದು ಹೆಚ್ಚಿಸಿದಂತೆ ಆಗುತ್ತದೆ. ಆ ಬದಿಯಲ್ಲಿ ಅರದ ಕೆಲಸದಿಂದ ಗರಗರ ಎನ್ನುವ ಸಣ್ಣ ಅಂಚು ಎದ್ದಿರುತ್ತದೆ, ಉಗುರು ಆಡಿಸಿದರೆ ಸಿಗುತ್ತದೆ. ನಯವಾದ ಸಾಣೆಕಲ್ಲನ್ನು ಪೂರ್ತಿ ಚಪ್ಪಟೆಯಾಗಿ ಇಟ್ಟು ಹಗುರವಾಗಿ ಎಳೆದರೆ ಅದು ಹೋಗುತ್ತದೆ. ಕೊನೆಗೆ ಲೋಹದ ಪುಡಿಯನ್ನು ಒಂದಿಷ್ಟೂ ಉಳಿಯದಂತೆ ಒರೆಸಿ. ಉಳಿದರೆ ಅಲಗುಗಳ ನಡುವೆ ಅದೇ ಅರದ ಕೆಲಸ ಮುಂದುವರಿಸುತ್ತದೆ.

ಅರ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರುತ್ತಿದ್ದರೆ ಅಂಚಿಗೆ ಗಟ್ಟಿ ಹದ ಕೊಟ್ಟಿದ್ದಾರೆ ಅಂತ ಅರ್ಥ. ಆಗ ಡೈಮಂಡ್ ಫೈಲ್, ಅಂದರೆ ವಜ್ರದ ಪುಡಿ ಕೂರಿಸಿದ ಅರ ಬೇಕು. ಕೆಲವು ಅಲಗುಗಳಲ್ಲಿ ಈ ಗಟ್ಟಿ ಪದರ ಅಂಚಿನ ಹತ್ತಿರ ಮಾತ್ರ ಇರುತ್ತದೆ. ಹಲವು ಸಲ ಸಾಣೆ ಹಿಡಿದು ಅದು ಸವೆದ ಮೇಲೆ ಹರಿತ ನಿಲ್ಲುವುದಿಲ್ಲ. ಅಂಥ ಹೊತ್ತಿಗೆ ಅಲಗು ಬದಲಿಸುವುದೇ ಸರಿ.

ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಎರಡು ವರ್ಷ ಒಂದಕ್ಕೊಂದು ಉಜ್ಜಿ ಸವೆದ ಜೋಡಿ ಅದು. ಹೊಸದೊಂದನ್ನು ಹಳೆಯದಕ್ಕೆ ಕಟ್ಟಿದರೆ ಒಂದು ಕಡೆ ತಾಗಿ ಇನ್ನೊಂದು ಕಡೆ ಅಗಲುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಚಪ್ಪಟೆ ಬದಿಗಳು ಎದುರು ಬದುರು ಬರಬೇಕು, ಓರೆ ಹೊರಗೆ ಕಾಣಬೇಕು. ತಿರುವು ಮುರುವು ಜೋಡಿಸಿ "ಹೊಸ ಅಲಗೂ ಕತ್ತರಿಸುತ್ತಿಲ್ಲ" ಎಂದು ಬಂದವರಿಗೇನೂ ಕಮ್ಮಿಯಿಲ್ಲ. ಗೇರ್‌ಬಾಕ್ಸ್ ತೆರೆಯಬೇಕಾದ ವಿನ್ಯಾಸವಾದರೆ ರಿಪೇರಿಯವರಿಗೆ ಕೊಡುವುದು ವಾಸಿ. ವಾರಂಟಿ ಇದ್ದರಂತೂ ನೀವು ಬಿಚ್ಚಲೇಬೇಡಿ.

ಮುಂದೆ ಅನುಸರಿಸಬೇಕಾದ್ದು ಜಾಸ್ತಿ ಏನಿಲ್ಲ. ಕೆಲಸ ಶುರು ಮಾಡುವ ಮುಂಚೆ ಎಣ್ಣೆ, ಬ್ಯಾಟರಿ ಬದಲಿಸುವಾಗ ಮತ್ತೆ ಎಣ್ಣೆ, ಮುಗಿದ ಮೇಲೆ ಅಂಟು ಒಣಗುವ ಮುಂಚೆ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ ಕವಚ ಹಾಕಿಡುವುದು. ರೋಗ ತಗುಲಿದ ಗಿಡ ಕತ್ತರಿಸಿದ್ದರೆ ಮುಂದಿನ ಗಿಡಕ್ಕೆ ಹೋಗುವ ಮುಂಚೆ 70% ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಬ್ಲೀಚ್ ಕೂಡ ಸೋಂಕು ಕಳೆಯುತ್ತದೆ, ಆದರೆ ಅಲಗನ್ನು ತುಕ್ಕು ತಿನ್ನಿಸುತ್ತದೆ. ಹಲ್ಲುಗಳ ನಡುವೆ ತೂರದಷ್ಟು ದಪ್ಪ ಕೊಂಬೆ ಬಂದರೆ ಟ್ರಿಮ್ಮರ್ ಒತ್ತಬೇಡಿ, ಕೈಗತ್ತರಿ ತೆಗೆದುಕೊಳ್ಳಿ. ಹಲ್ಲುಗಳು ಬಾಗುವುದಕ್ಕೆ ತಂತಿಯಷ್ಟೇ ಈ ಒತ್ತುವ ಅಭ್ಯಾಸವೂ ಕಾರಣ. ಗೇರ್‌ಬಾಕ್ಸಿಗೆ ಗ್ರೀಸ್ ತುಂಬುವ ಸಣ್ಣ ಮೂತಿ (ಗ್ರೀಸ್ ನಿಪ್ಪಲ್) ನಿಮ್ಮ ಯಂತ್ರದಲ್ಲಿ ಇದ್ದರೆ ಪುಸ್ತಕದಲ್ಲಿ ಹೇಳಿದಷ್ಟೇ ತುಂಬಿ, ಬಹಳಷ್ಟು ಬ್ಯಾಟರಿ ಯಂತ್ರಗಳಲ್ಲಿ ಅದು ಇರುವುದೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಖಾಲಿ ಓಡಿಸುವಾಗ ಟಕ ಟಕ ಸದ್ದು ಬರುತ್ತಿದ್ದರೆ, ಅಥವಾ ಮೋಟರ್ ತಿರುಗುವ ಸದ್ದಿದ್ದು ಅಲಗು ತಡೆದು ತಡೆದು ಆಡಿದರೆ, ತೊಂದರೆ ಅಲಗಿನಲ್ಲಿಲ್ಲ; ಗೇರ್‌ಬಾಕ್ಸಿನಿಂದ ಅಲಗನ್ನು ಆಡಿಸುವ ಭಾಗ ಸವೆದಿದೆ. ಅಲ್ಲಿಗೆ ಮನೆಯಲ್ಲಿ ಮಾಡುವಂಥದ್ದು ಮುಗಿಯಿತು. ರಿಪೇರಿಗೆ ಕೊಡುವಾಗ ತಂತಿಗೆ ಬಡಿದ ವಿಷಯ ಮರೆಯದೆ ಹೇಳಿ, ಅವರು ಎಲ್ಲಿಂದ ಹುಡುಕಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.